ಸಹಾಯ ಬೇಕು: ಜೋಡಿ ಹೋಲಿಕೆಯ ಅಂಕಗಳು ತಾಳೆಯಾಗುತ್ತಿಲ್ಲ

ಶಿರಸಿಯ ನಮ್ಮ ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ತಯಾರಿಸುತ್ತೇವೆ. ಅದನ್ನು ಹುಬ್ಬಳ್ಳಿಯ ಸಗಟು ವ್ಯಾಪಾರಿಗೆ ಕೊಡುವುದೋ, ಕುಮಟಾದ ಹೆದ್ದಾರಿಯ ಪಕ್ಕ ಸ್ವಂತ ಮಳಿಗೆ ತೆರೆಯುವುದೋ ಎಂದು ತೀರ್ಮಾನಿಸಲು ಥಾಮಸ್ ಸಾಟಿಯವರ ಎಎಚ್‌ಪಿ ವಿಧಾನದಂತೆ, ಅಂದರೆ ಮಾನದಂಡಗಳನ್ನು ಎರಡೆರಡಾಗಿ ಹೋಲಿಸಿ ತೂಗುವ ಕ್ರಮದಂತೆ, 1ರಿಂದ 9ರ ಅಳತೆಯಲ್ಲಿ ಅಂಕ ಹಾಕಿದೆವು. ಲಾಭವು ಬಂಡವಾಳಕ್ಕಿಂತ 3 ಪಟ್ಟು, ಬಂಡವಾಳವು ಸಾಗಣೆಗಿಂತ 3 ಪಟ್ಟು, ಲಾಭವು ಸಾಗಣೆಗಿಂತ 2 ಪಟ್ಟು ಮುಖ್ಯವೆಂದು ಬರೆದಾಗ ಸುಸಂಗತತೆಯ ಅನುಪಾತ (ಅಂಕಗಳು ಒಂದಕ್ಕೊಂದು ಎಷ್ಟು ತಾಳೆಯಾಗುತ್ತಿಲ್ಲ ಎಂಬುದರ ಅಳತೆ) 0.22 ಬಂದಿತು, ಅದು 0.10ರೊಳಗಿರಬೇಕು. ಮನೆಯ ಮೂವರೂ ಬೇರೆಬೇರೆಯಾಗಿ ಅಂಕ ಹಾಕಿ ಗುಣೋತ್ತರ ಸರಾಸರಿ (ಮೂರು ಅಂಕಗಳ ಗುಣಲಬ್ಧದ ಘನಮೂಲ) ತೆಗೆದರೂ ಅದು ಮಿತಿಯೊಳಗೆ ಬರಲಿಲ್ಲ.

ಕೊನೆಯ 2ನ್ನು 5 ಮಾಡಿದರೆ ಅನುಪಾತ 0.03ಕ್ಕೆ ಇಳಿಯುತ್ತದೆ. ಆದರೆ ಆಗ ತೀರ್ಮಾನದಲ್ಲಿ ಸಾಗಣೆಗಿರುವ ತೂಕ 0.16ರಿಂದ 0.10ಕ್ಕೆ ಕುಸಿದು, ಮುಂದಿದ್ದ ಹುಬ್ಬಳ್ಳಿ ಹಿಂದಾಗಿ ಕುಮಟಾ ಮೇಲೇರುತ್ತದೆ. ಮಳೆಗಾಲದಲ್ಲಿ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟದ ದಾರಿ ಮಣ್ಣು ಕುಸಿದು ಬಂದಾದಾಗ, ಗೋಣಿತಾಟು ಸುತ್ತಿದ ಭರಣಿಗಳು ಜೀಪಿನಲ್ಲೇ ಉಳಿದದ್ದನ್ನು ಕಂಡಿರುವ ಅಪ್ಪಯ್ಯ, ಸಾಗಣೆಯನ್ನು ಅಷ್ಟು ಹಗುರ ಮಾಡಲು ಒಪ್ಪುವುದಿಲ್ಲ. ಅವರ ಮಾತು ನನಗೂ ಸರಿಯೆನಿಸುತ್ತದೆ.

ಅನುಪಾತ ಹೊಂದಿಸುವುದಕ್ಕಾಗಿಯೇ ನಾವು ನಂಬಿದ ಅಂಕವನ್ನು ಬದಲಿಸುವುದು ಸರಿಯೇ? ಇಲ್ಲವಾದರೆ, ಈ ಮೂರು ಹೋಲಿಕೆಗಳಲ್ಲಿ ಮೊದಲು ಯಾವುದನ್ನು ಮರುಪರಿಶೀಲಿಸಬೇಕು? ಸಾಗಣೆಯನ್ನು ಮಳೆಗಾಲ, ಉಳಿದ ಕಾಲ ಎಂದು ಎರಡು ಮಾನದಂಡಗಳಾಗಿ ಒಡೆಯಬಹುದೇ? ಈ ವಿಧಾನವನ್ನು ಬಳಸಿದವರು ದಯವಿಟ್ಟು ತಿಳಿಸಿ.