ಗ್ರೂಪ್‌ನಿಂದ ಕಟ್ಟಿದ ಜ್ಯಾಮಿತಿಯಲ್ಲಿ ಕವರಿಂಗ್ ಎಲ್ಲಿರುತ್ತದೆ?

ಬನಶಂಕರಿ_ಎಂಎಸ್ಸಿ: ಅವೆನ್ಯೂ ರೋಡಿನಲ್ಲಿ ತಗೊಂಡ ಹಳೇ ಪುಸ್ತಕ ಓದ್ತಿದ್ದೇನೆ. ಫಾನೋ ಸಮತಲದವರೆಗೆ (7 ಬಿಂದು, 7 ರೇಖೆಗಳ ಪುಟ್ಟ ಜ್ಯಾಮಿತಿ) ಸರಾಗ. ಅದರ ಗ್ರೂಪ್‌ನಲ್ಲಿ, ಅಂದರೆ ರೇಖೆಗಳನ್ನು ಕೆಡಿಸದೆ ಬಿಂದುಗಳನ್ನು ಅದಲುಬದಲು ಮಾಡುವ ಕ್ರಮಗಳಲ್ಲಿ, 168 ಎಲಿಮೆಂಟ್, ಒಂದು ಬಿಂದುವನ್ನು ಕದಲಿಸದ ಸಬ್‌ಗ್ರೂಪ್‌ನಲ್ಲಿ 24, ಹಾಗಾಗಿ 7 ಕೋಸೆಟ್ (ಆ ಸಬ್‌ಗ್ರೂಪ್‌ನ ಸರಿಸಿದ ಪ್ರತಿಗಳು), ಅವೇ 7 ಬಿಂದು. ರೇಖೆಗೂ ಇದೇ ಲೆಕ್ಕ. ಬಿಂದುವಿನ ಕೋಸೆಟ್ಟೂ ರೇಖೆಯ ಕೋಸೆಟ್ಟೂ ಒಂದಕ್ಕೊಂದು ತಾಗಿದರೆ, ಅಂದರೆ ಎರಡರಲ್ಲೂ ಸಮಾನ ಎಲಿಮೆಂಟ್ ಇದ್ದರೆ, ಆ ಬಿಂದು ಆ ರೇಖೆಯ ಮೇಲಿದೆ. ಆದರೆ ಕವರಿಂಗ್ ಅಂದ ತಕ್ಷಣ ಪುಸ್ತಕ ಅಮಾಲ್ಗಮ್ ಅಂತ ಶುರು ಮಾಡುತ್ತದೆ. ಎರಡಕ್ಕೂ ಏನು ಸಂಬಂಧ? ನಾಳೆ ಸೆಮಿನಾರ್ ಬೇರೆ ಇದೆ.

ವಿಜಯನಗರ_ಕೋಸೆಟ್: ಮನೆಯಲ್ಲಿ ಲೂಡೋ ದಾಳ ಇದ್ದರೆ ಕೈಗೆ ತಗೊಳ್ಳಿ. 8 ಮೂಲೆ, 12 ಅಂಚು, 6 ಮುಖ. ಈಗ ಎದುರುಬದುರಿನವೆರಡನ್ನೂ ಒಂದೇ ಅಂತ ಎಣಿಸಿ: 1 ಮತ್ತು 6 ಒಂದೇ ಮುಖ, 2-5 ಒಂದು, 3-4 ಒಂದು. ಉಳಿಯುವುದು 4 ಮೂಲೆ, 6 ಅಂಚು, 3 ಮುಖ. ಆದರೆ ಒಂದು ಮೂಲೆಯಲ್ಲಿ ಕೂತ ಇರುವೆಗೆ ಏನೂ ಬದಲಾಗಿಲ್ಲ, ಅದೇ ಮೂರು ಅಂಚು, ಅದೇ ಮೂರು ಮುಖ. ಹೀಗೆ ಹತ್ತಿರದಿಂದ ನೋಡಿದರೆ ವ್ಯತ್ಯಾಸ ಕಾಣದ ದೊಡ್ಡ ಜ್ಯಾಮಿತಿಯೇ ಕವರ್; ದಾಳ ಈ ಅರ್ಧ ದಾಳದ ಕವರ್.

ಗ್ರೂಪ್ ಕಡೆಯಿಂದ ನೋಡಿ. a, b, c ಮೂರು ಕನ್ನಡಿಗಳು, ಪ್ರತಿಯೊಂದನ್ನೂ ಎರಡು ಸಲ ಹಾಕಿದರೆ ಮೊದಲಿನಂತೆಯೇ. ab ನಾಲ್ಕು ಸಲಕ್ಕೆ, bc ಮೂರು ಸಲಕ್ಕೆ, ac ಎರಡು ಸಲಕ್ಕೆ ವಾಪಸ್. ಇಷ್ಟೇ ಬರೆದರೆ 48 ಎಲಿಮೆಂಟ್‌ಗಳ ಗ್ರೂಪ್ ಸಿಗುತ್ತದೆ. ಇನ್ನೊಂದು ನಿಯಮ, abc ಮೂರು ಸಲಕ್ಕೆ ವಾಪಸ್, ಅಂತ ಸೇರಿಸಿದರೆ 24, ಅದು ಅರ್ಧ ದಾಳ. ಮೊದಲಿನ ನಿಯಮಗಳಲ್ಲಿ ಎರಡಕ್ಕಿಂತ ಜಾಸ್ತಿ ಕನ್ನಡಿ ಇಲ್ಲ, ಅಂದರೆ ಅವೆಲ್ಲ ಒಂದು ಮುಖದ, ಮೂಲೆಯ, ಅಂಚಿನ ಸುತ್ತಲೇ ಮುಗಿಯುತ್ತವೆ. ಕೊನೆಯದಕ್ಕೆ ಮೂರೂ ಬೇಕು, ಅದಕ್ಕೇ ಇರುವೆಗೆ ಕಾಣಲ್ಲ.

ಒಂದು ಮುಖವನ್ನು ಕದಲಿಸದ ಸಬ್‌ಗ್ರೂಪ್‌ನಲ್ಲಿ 8 ಎಲಿಮೆಂಟ್, ಮೂಲೆಯದು 6, ಅಂಚಿನದು 4. ಎರಡು ದಾಳಕ್ಕೂ ಇವೇ. ಈ ಮೂರು, ಜೊತೆಗೆ ಅವು ಎಲ್ಲೆಲ್ಲಿ ಸೇರುತ್ತವೆ ಅನ್ನುವುದು, ಅಷ್ಟೇ ಅಮಾಲ್ಗಮ್. ಅದರಿಂದ ಕಟ್ಟಬಹುದಾದ ಅತಿ ದೊಡ್ಡ ಗ್ರೂಪ್ ನಿಮ್ಮ ಗ್ರೂಪೇ ಆಗಿದ್ದರೆ ಜ್ಯಾಮಿತಿಗೆ ಬೇರೆ ಕವರ್ ಇಲ್ಲ. ಟಿಟ್ಸ್ ಲೆಮ್ಮಾ ಅನ್ನುವುದು ಇದನ್ನೇ.

ಬನಶಂಕರಿ_ಎಂಎಸ್ಸಿ: ಓಹ್! ಹಾಗಾದರೆ ಫಾನೋಗೆ? ಅಲ್ಲಿ ಸಬ್‌ಗ್ರೂಪ್ ಎರಡೇ ಅಲ್ವಾ ಸರ್?

ವಿಜಯನಗರ_ಕೋಸೆಟ್: ಹೌದು, 24ರದ್ದು ಎರಡು, ನಡುವೆ 8 ಸಮಾನ. ಅವನ್ನು ಬಿಟ್ಟರೆ ಯಾವ ನಿಯಮವೂ ಇಲ್ಲ, ಹಾಗಾಗಿ ಗ್ರೂಪ್ ಅನಂತ. ಕವರ್ ಅಂದರೆ ಪ್ರತಿ ಗಂಟಿನಲ್ಲೂ ಮೂರು ಕವಲಿರುವ, ಕೊನೆಯಿಲ್ಲದ ಮರ. ಅದಕ್ಕೇ ಮಜಾ ಶುರುವಾಗುವುದು ಮೂರು ಬಗೆಯ ವಸ್ತುಗಳಿದ್ದಾಗ.

ಸುಮ್ನೆ_ಓದುಗ: ಒಂದು ಷರತ್ತು ಬಿಟ್ಟುಹೋಗಿದೆ. ಗ್ರೂಪ್ ಯಾವ ಫ್ಲಾಗನ್ನಾದರೂ (ಒಂದಕ್ಕೊಂದು ತಾಗುವ ವಸ್ತುಗಳ ಗುಂಪು, ಉದಾಹರಣೆಗೆ ಒಂದು ಬಿಂದು ಮತ್ತು ಅದರ ಮೂಲಕ ಹೋಗುವ ರೇಖೆ) ಅದೇ ಬಗೆಯ ಇನ್ನೊಂದು ಫ್ಲಾಗಿಗೆ ಒಯ್ಯುವಂತಿರಬೇಕು. ಇಲ್ಲದಿದ್ದರೆ ಕೋಸೆಟ್‌ಗಳಿಂದ ಕಟ್ಟಿದ್ದು ನಿಮ್ಮ ಮೂಲ ಜ್ಯಾಮಿತಿ ಆಗಿರಬೇಕು ಅಂತೇನಿಲ್ಲ. ಸೆಮಿನಾರಿನಲ್ಲಿ ಮೊದಲ ಪ್ರಶ್ನೆ ಇದೇ ಬರುತ್ತೆ ನೋಡಿ.