ಶಿರಾಡಿ ಹತ್ತುವಾಗ ಕಾರು ಹೀಟ್ ಆಗ್ತಿದೆ, ಇಂಜಿನ್ ಹೆಡ್ ಬಿಚ್ಚಿಸಬೇಕಾ?

ಘಟ್ಟದ ಕೆಳಗಿನವಳು:

ಎಲ್ಲರಿಗೂ ನಮಸ್ಕಾರ. ನನ್ನದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 1.2 ಲೀಟರ್ ಇಂಜಿನ್, ತೊಂಬತ್ತು ಸಾವಿರ ಕಿಲೋಮೀಟರ್ ದಾಟಿದೆ. ನಾನಿರುವುದು ಪುತ್ತೂರಿನಲ್ಲಿ, ತವರು ಮನೆ ಹಾಸನ. ಹಾಗಾಗಿ ಶಿರಾಡಿ ಘಾಟ್ ನನಗೆ ತಪ್ಪಿದ್ದಲ್ಲ.

ಊರೊಳಗೆ ಓಡಾಡುವಾಗ ಏನೂ ತೊಂದರೆ ಇಲ್ಲ. ಗುಂಡ್ಯ ದಾಟಿ ಹತ್ತಲು ಶುರು ಮಾಡಿದ ಮೇಲೆ, ಮುಂದೆ ಟ್ಯಾಂಕರೋ ಲೋಡ್ ಲಾರಿಯೋ ಸಿಕ್ಕಿ ಒಂದನೇ ಎರಡನೇ ಗೇರಿನಲ್ಲೇ ತೆವಳಬೇಕಾದಾಗ ಟೆಂಪರೇಚರ್ ಮುಳ್ಳು ಮಧ್ಯದಿಂದ ಮೇಲೆ ಹೋಗುತ್ತದೆ. ಎಸಿ ಆಫ್ ಮಾಡಿದರೆ ಸ್ವಲ್ಪ ಇಳಿಯುತ್ತದೆ, ಮತ್ತೆ ಏರುತ್ತದೆ. ಕಳೆದ ಸಲ ದೋಣಿಗಾಲ್ ಹತ್ತಿರ ಕೆಂಪು ಗೆರೆ ಮುಟ್ಟುವಷ್ಟು ಹೋಯಿತು. ಹಿಂದಿನ ಸೀಟಿನಲ್ಲಿ ಅಮ್ಮ, ಮಗು. ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿ ಕೂತೆವು. ಆಮೇಲೆ ನೋಡಿದರೆ ಕೂಲೆಂಟ್ (ಇಂಜಿನ್ ತಣ್ಣಗಿಡುವ ದ್ರವ) ಡಬ್ಬಿಯಲ್ಲಿ ಮಿನ್ ಗೆರೆಗಿಂತ ಕೆಳಗಿತ್ತು. ಅದಕ್ಕೂ ಹಿಂದಿನ ತಿಂಗಳಷ್ಟೇ ತುಂಬಿಸಿದ್ದೆ. ಆದರೆ ಕಾರು ನಿಲ್ಲಿಸುವ ಜಾಗದಲ್ಲಿ ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ.

ಗ್ಯಾರೇಜಿಗೆ ತೋರಿಸಿದೆ. ಬಾನೆಟ್ ಎತ್ತಿ ನೋಡಿದರು, ಇಂಜಿನ್ ಸ್ಟಾರ್ಟ್ ಮಾಡಿ ಎರಡು ಸಲ ರೇಸ್ ಮಾಡಿದರು, "ಹೆಡ್ ಗ್ಯಾಸ್ಕೆಟ್ ಹೋಗಿದೆ ಮೇಡಂ, ಹೆಡ್ ಇಳಿಸಿ ಫೇಸಿಂಗ್ ಮಾಡಿಸಬೇಕು, ಇಪ್ಪತ್ತೆಂಟು ಸಾವಿರ ಆಗುತ್ತದೆ, ಬಿಚ್ಚಿದ ಮೇಲೆ ಇನ್ನೂ ಜಾಸ್ತಿಯೂ ಆಗಬಹುದು" ಅಂದರು. ಹೆಡ್ ಅಂದರೆ ಇಂಜಿನ್ನಿನ ಮೇಲ್ಭಾಗ, ಅದಕ್ಕೂ ಕೆಳಗಿನ ಬ್ಲಾಕ್‌ಗೂ ಮಧ್ಯೆ ಇರುವ ಸೀಲೇ ಗ್ಯಾಸ್ಕೆಟ್, ಹೆಡ್‌ನ ತಳ ಸಮ ಮಾಡುವುದೇ ಫೇಸಿಂಗ್ ಅಂತೆ. ಮನೆಯವರು ಇಷ್ಟು ಹಳೇ ಕಾರಿಗೆ ಇಷ್ಟು ದುಡ್ಡು ಯಾಕೆ, ಮಾರಿಬಿಡೋಣ ಅಂತಿದ್ದಾರೆ. ನನಗೆ ಈ ಕಾರಿನ ಮೇಲೆ ತುಂಬಾ ಪ್ರೀತಿ, ಈ ಹೀಟಿಂಗ್ ಶುರುವಾಗುವವರೆಗೆ ಒಂದು ದಿನವೂ ದಾರಿಯಲ್ಲಿ ಕೈ ಕೊಟ್ಟಿರಲಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ, ನಿಜವಾಗಿಯೂ ಹೆಡ್ ಇಳಿಸಲೇಬೇಕಾ?

ಮಲ್ನಾಡ್ ರಸ್ತೆ:

ಮೇಡಂ, ಮೊದಲು ಒಂದು ಮಾತು. ಈ ಸ್ಥಿತಿಯಲ್ಲಿ ಕಾರನ್ನು ಮತ್ತೆ ಘಾಟಿಗೆ ಹಾಕಬೇಡಿ. ಇನ್ನೂ ಗ್ಯಾಸ್ಕೆಟ್ ಹೋಗಿಲ್ಲದಿದ್ದರೂ ಇನ್ನೊಂದು ಸಲ ಕೆಂಪಿಗೆ ಹೋದರೆ ಹೋಗುತ್ತದೆ. ಹೆಡ್ ಅಲ್ಯುಮಿನಿಯಂದು, ವಿಪರೀತ ಕಾದರೆ ಡೊಂಕಾಗುತ್ತದೆ.

ಸಕಲೇಶಪುರದ ಕಡೆ ಇರುವುದರಿಂದ ನಾನು ಈ ತರಹದ ಕಾರುಗಳನ್ನು ರಸ್ತೆ ಪಕ್ಕ ನೋಡುತ್ತಲೇ ಇರುತ್ತೇನೆ. ಒಂದೊಂದು ಸಲ ಬಾನೆಟ್ ಎತ್ತಿದ ತಕ್ಷಣ ರೇಡಿಯೇಟರ್ ಕ್ಯಾಪ್‌ಗೆ ಕೈ ಹಾಕುತ್ತಾರೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಒಳಗೆ ನೂರು ಡಿಗ್ರಿಗಿಂತ ಬಿಸಿ ಇರುವ ನೀರು ಒತ್ತಡದಲ್ಲಿ ಕುದಿಯದೆ ಕೂತಿರುತ್ತದೆ. ಕ್ಯಾಪ್ ತಿರುಗಿಸಿದ ಕ್ಷಣ ಒತ್ತಡ ಬಿಟ್ಟು ಎಲ್ಲವೂ ಒಟ್ಟಿಗೆ ಕುದಿದು ಮುಖಕ್ಕೆ ಹಾರುತ್ತದೆ. ಮುಖ, ಕುತ್ತಿಗೆ, ಕೈ ಎಲ್ಲ ಬೇಯುತ್ತದೆ. ಮೇಲಿನ ಹೋಸ್ ಪೈಪ್ ಕೈಗೆ ತಣ್ಣಗೆ ಹತ್ತಿ, ಹಿಚುಕಿದರೆ ಮೆತ್ತಗೆ ಒಳಗೆ ಹೋಗುವವರೆಗೂ ಕಾಯಬೇಕು, ಅರ್ಧ ಗಂಟೆಗಿಂತ ಹೆಚ್ಚೇ ಹಿಡಿಯುತ್ತದೆ.

ದಾರಿ ಮಧ್ಯೆ ಮುಳ್ಳು ಏರುವುದು ಕಂಡರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಫುಲ್ ಇಡಿ, ಕಿಟಕಿ ಇಳಿಸಿ. ಕೂರಲು ಹಿಂಸೆಯೇ, ಆದರೆ ಹೀಟರ್ ಅಂದರೆ ಡ್ಯಾಶ್‌ಬೋರ್ಡ್ ಒಳಗಿರುವ ಇನ್ನೊಂದು ಪುಟ್ಟ ರೇಡಿಯೇಟರ್. ಇಂಜಿನ್ ಬಿಸಿಯನ್ನು ಅದು ಎಳೆದು ಕಾರಿನ ಒಳಗೆ ಬಿಡುತ್ತದೆ. ಸುರಕ್ಷಿತ ಜಾಗ ಸಿಗುವವರೆಗೆ ಅಷ್ಟು ಸಾಕು. ಮುಳ್ಳು ಕೆಂಪಿಗೆ ಹೋದರೆ ಮಾತ್ರ ಲೆಕ್ಕ ಹಾಕುತ್ತಾ ಕೂರಬೇಡಿ, ಪಕ್ಕಕ್ಕೆ ಹಾಕಿ ಆಫ್ ಮಾಡಿ.

ಬೆಂಗಳೂರು ದಕ್ಷಿಣ:

ನನ್ನ ಪ್ರಕಾರ ಮನೆಯವರು ಹೇಳುವುದರಲ್ಲೂ ಅರ್ಥ ಇದೆ. ಹತ್ತು ವರ್ಷ ದಾಟಿದ ಕಾರು, ಒಂದು ರಿಪೇರಿ ಮಾಡಿಸಿದರೆ ಇನ್ನೊಂದು ಬರುತ್ತದೆ. ಮಾರುವುದು ಬೇಡ ಅಂದರೆ ಥರ್ಮೋಸ್ಟಾಟ್ ತೆಗೆಸಿ ಓಡಿಸಿ, ನಮ್ಮ ಹಳೇ ಕಾರಿಗೆ ಮೆಕ್ಯಾನಿಕ್ ಹಾಗೇ ಮಾಡಿದ್ದರು, ಹೀಟಿಂಗ್ ನಿಂತಿತ್ತು.

ಪಾನಾ ಸ್ಕ್ರೂಡ್ರೈವರ್:

ನಾನು ಶಿವಮೊಗ್ಗದಲ್ಲಿ ಗ್ಯಾರೇಜ್ ಇಟ್ಟುಕೊಂಡಿದ್ದೇನೆ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಸರ ಮಾಡಬೇಡಿ.

ಥರ್ಮೋಸ್ಟಾಟ್ ತೆಗೆಸುವ ಮಾತನ್ನು ಯಾರೂ ಕೇಳಬೇಡಿ. ಅದು ಸುಮ್ನೆ ಇಟ್ಟಿರುವ ಭಾಗ ಅಲ್ಲ, ರೇಡಿಯೇಟರ್‌ಗೆ ಕೂಲೆಂಟ್ ಬಿಡುವ ವಾಲ್ವ್. 82ರಿಂದ 88 ಡಿಗ್ರಿ ಆಸುಪಾಸಿನಲ್ಲಿ ತೆರೆದುಕೊಂಡು ಇಂಜಿನ್ನನ್ನು ಸರಿಯಾದ ಬಿಸಿಯಲ್ಲಿ ಇಡುತ್ತದೆ. ತೆಗೆದರೆ ಬೆಳಿಗ್ಗೆ ಇಂಜಿನ್ ಬಿಸಿಯಾಗಲು ತುಂಬಾ ಹೊತ್ತು ಹಿಡಿಯುತ್ತದೆ, ಇಸಿಯು (ಇಂಜಿನ್ನಿನ ಕಂಪ್ಯೂಟರ್) ಇಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಪೆಟ್ರೋಲ್ ಜಾಸ್ತಿ ಬಿಡುತ್ತದೆ, ಮೈಲೇಜ್ ಬೀಳುತ್ತದೆ. ಹೀಟಿಂಗ್‌ನ ನಿಜವಾದ ಕಾರಣ ಅಲ್ಲೇ ಉಳಿದಿರುತ್ತದೆ. ಥರ್ಮೋಸ್ಟಾಟ್ ಜಾಮ್ ಆಗಿದ್ದರೆ ಹೊಸದು ಹಾಕಿ. ಗ್ಯಾಸ್ಕೆಟ್‌ಗೆ ಹೋಲಿಸಿದರೆ ಅದರ ಬೆಲೆ ಏನೂ ಅಲ್ಲ.

ಈಗ ಮೇಡಂ ಅವರ ಕಾರಿಗೆ ಬರೋಣ. ರೇಸ್ ಮಾಡಿ ನೋಡಿ ಹೆಡ್ ಗ್ಯಾಸ್ಕೆಟ್ ಅಂತ ಹೇಳಿದ್ದಾರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಗ್ಯಾಸ್ಕೆಟ್ ಹೋಗಿರಲೂಬಹುದು, ಆದರೆ ಅದನ್ನು ಪರೀಕ್ಷೆ ಮಾಡಿ ಹೇಳಬೇಕು. ಕೂಲೆಂಟ್ ಕಡಿಮೆ ಆಗುತ್ತಿದೆ ಅಂದರೆ ಅದು ಎಲ್ಲಿಗೋ ಹೋಗುತ್ತಿದೆ. ಮೊದಲು ಎಲ್ಲಿಗೆ ಅಂತ ಹುಡುಕಬೇಕು, ಆಮೇಲೆ ಪಾನಾ ಹಿಡಿಯಬೇಕು.

ಮನೆಯಲ್ಲೇ ನೋಡಬಹುದಾದದ್ದು ಇಷ್ಟು. ಆಯಿಲ್ ಗೇಜ್ ಎಳೆದು ನೋಡಿ, ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದೆಯಾ? ಆಯಿಲ್ ಹಾಕುವ ಮುಚ್ಚಳದ ಒಳಗೆ ಕೆನೆ ತರಹ ಕೂತಿದೆಯಾ? (ಮಳೆಗಾಲದಲ್ಲಿ ಬರೀ ಹತ್ತಿರದ ಓಡಾಟ ಇದ್ದರೆ ಮುಚ್ಚಳದಲ್ಲಿ ಸ್ವಲ್ಪ ಕೆನೆ ಬರುವುದು ಸಹಜ, ಅದೊಂದನ್ನೇ ನೋಡಿ ಹೆದರಬೇಡಿ.) ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ, ನೀರಿನಲ್ಲಿ ಗುಳ್ಳೆ ನಿಲ್ಲದೆ ಬರುತ್ತಲೇ ಇದೆಯಾ? ಇಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಲ್ಲಿ ದಟ್ಟ ಬಿಳಿ ಹೊಗೆ, ಸಿಹಿ ವಾಸನೆ ಇದೆಯಾ? ಇವು ಗ್ಯಾಸ್ಕೆಟ್ ಹೋಗಿರುವ ಲಕ್ಷಣ. ಮುಂದಿನ ಸೀಟಿನಲ್ಲಿ ಕಾಲಿಡುವ ಕಡೆ ಕಾರ್ಪೆಟ್ ಒದ್ದೆ ಇದೆಯಾ? ಇದ್ದರೆ ಹೀಟರ್ ಕೋರ್ (ಡ್ಯಾಶ್‌ಬೋರ್ಡ್ ಒಳಗಿನ ಆ ಪುಟ್ಟ ರೇಡಿಯೇಟರ್) ಸೋರುತ್ತಿರಬಹುದು.

ಇದೆಲ್ಲ ಇಲ್ಲ ಅಂದರೆ ಎರಡು ಟೆಸ್ಟ್ ಮಾಡಿಸಿ. ಒಂದು ಪ್ರೆಶರ್ ಟೆಸ್ಟ್. ರೇಡಿಯೇಟರ್ ಬಾಯಿಗೆ ಕೈಪಂಪು ಇರುವ ಒಂದು ಗೇಜ್ ಕೂರಿಸಿ, ಕ್ಯಾಪ್ ಮೇಲೆ ಬರೆದಿರುವಷ್ಟು ಒತ್ತಡ ಕೊಟ್ಟು ಹದಿನೈದು ಇಪ್ಪತ್ತು ನಿಮಿಷ ಬಿಡುತ್ತಾರೆ. ಮುಳ್ಳು ಇಳಿದರೆ ಎಲ್ಲೋ ಸೋರಿಕೆ ಇದೆ, ಟಾರ್ಚ್ ಹಿಡಿದು ಹುಡುಕಿದರೆ ಸಿಗುತ್ತದೆ. ಇನ್ನೊಂದು, ಕೂಲೆಂಟ್ ಮೇಲಿನ ಗಾಳಿಯನ್ನು ಒಂದು ನೀಲಿ ದ್ರವದ ಮೂಲಕ ಎಳೆಯುವ ಟೆಸ್ಟ್. ಸಿಲಿಂಡರ್‌ನ ಹೊಗೆ ಕೂಲೆಂಟ್‌ಗೆ ಸೇರುತ್ತಿದ್ದರೆ ನೀಲಿ ಹೋಗಿ ಹಳದಿ ಆಗುತ್ತದೆ. ಹಳದಿ ಆದರೆ ಮಾತ್ರ ಹೆಡ್ ಇಳಿಸುವ ಮಾತು.

ಕ್ಯಾಪ್ ಅನ್ನೂ ಟೆಸ್ಟ್ ಮಾಡಿಸಿ. ಇದನ್ನು ಯಾರೂ ನೋಡುವುದೇ ಇಲ್ಲ, ನನಗೆ ಬೇಸರ ಬರುವುದೇ ಇದಕ್ಕೆ. ಸಕಲೇಶಪುರದ ಎತ್ತರದಲ್ಲಿ ಬರೀ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಕ್ಯಾಪ್ ಸುಮಾರು 1 ಬಾರ್ ಒತ್ತಡ ಹಿಡಿದರೆ ಅದೇ ನೀರು 120 ಡಿಗ್ರಿ ಹತ್ತಿರ ಬರುವವರೆಗೆ ಕುದಿಯುವುದಿಲ್ಲ. ಕ್ಯಾಪ್‌ನ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟರೆ ಆ ಒತ್ತಡವೇ ನಿಲ್ಲುವುದಿಲ್ಲ. ಊರಲ್ಲಿ ಗೊತ್ತಾಗುವುದಿಲ್ಲ, ಘಾಟಿಯಲ್ಲಿ ಗೊತ್ತಾಗುತ್ತದೆ.

ಒಂದು ಪ್ರಶ್ನೆ. ಊರೊಳಗೆ ಟ್ರಾಫಿಕ್‌ನಲ್ಲಿ ನಿಂತಾಗ ಹೀಟ್ ಆಗುವುದಿಲ್ಲ ತಾನೆ? ಆಗುವುದಿಲ್ಲ ಅಂದರೆ ಫ್ಯಾನ್ ಸರಿ ಇದೆ ಅಂತ ಹೆಚ್ಚುಕಡಿಮೆ ಹೇಳಬಹುದು.

ಕೋಲಾರದ ಗಾಡಿ:

ಇಷ್ಟರವರೆಗೆ ಯಾವ ನೀರು ತುಂಬಿಸಿದ್ದೀರಿ ಅಂತ ಯಾರೂ ಕೇಳಲಿಲ್ಲವಲ್ಲ. ನಾನು ಟ್ಯಾಕ್ಸಿ ಓಡಿಸುವವನು. ನಮ್ಮ ಕಡೆ ಬೋರ್‌ವೆಲ್ ನೀರು ಎಷ್ಟು ಗಡಸು ಅಂದರೆ ಕುದಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುತ್ತದೆ. ಅದೇ ನೀರು ರೇಡಿಯೇಟರ್‌ಗೆ ಹಾಕಿದರೆ ಒಳಗಿನ ಸಣ್ಣ ನಾಳಗಳಲ್ಲೂ ಅದೇ ಪದರ. ಹೊರಗಿನಿಂದ ರೇಡಿಯೇಟರ್ ಹೊಸದರ ಹಾಗೇ ಕಾಣುತ್ತದೆ, ಒಳಗೆ ಅರ್ಧ ಮುಚ್ಚಿರುತ್ತದೆ. ಸಮತಟ್ಟು ರಸ್ತೆಯಲ್ಲಿ ಉಳಿದ ಅರ್ಧ ಸಾಕಾಗುತ್ತದೆ. ಏರಿನಲ್ಲಿ ಇಂಜಿನ್ ಮೇಲೆ ಭಾರ ಜಾಸ್ತಿ, ಎದುರಿನ ಗಾಳಿ ಕಡಿಮೆ, ಆಗ ಸಾಲುವುದಿಲ್ಲ.

ಇಂಜಿನ್ ಓಡುತ್ತಾ ಬಿಸಿ ಇರುವಾಗ ರೇಡಿಯೇಟರ್‌ನ ಮುಂಭಾಗದಿಂದ ಕೈ ಹತ್ತಿರ ಹಿಡಿದು (ಫ್ಯಾನ್ ಹುಷಾರು, ಯಾವಾಗ ಬೇಕಾದರೂ ತಿರುಗುತ್ತದೆ) ಎಲ್ಲೆಲ್ಲಿ ಬಿಸಿ, ಎಲ್ಲೆಲ್ಲಿ ತಣ್ಣಗೆ ನೋಡಿದರೆ ಕಟ್ಟಿಕೊಂಡಿರುವ ಜಾಗ ತಿಳಿಯುತ್ತದೆ. ಕೂಲೆಂಟ್ ಹಾಕಿದರೆ ಕಾರಿನ ಪುಸ್ತಕದಲ್ಲಿ ಹೇಳಿರುವ ಜಾತಿಯದ್ದೇ ಹಾಕಿ. ರೆಡಿ ಮಿಕ್ಸ್ ಸಿಕ್ಕರೆ ಇನ್ನೂ ಒಳ್ಳೆಯದು, ನೀರು ಬೆರೆಸುವ ತಲೆನೋವೇ ಇಲ್ಲ. ಹಸಿರು, ಕೆಂಪು, ನೀಲಿ ಅಂತ ಬಣ್ಣ ನೋಡಿ ಸೇರಿಸಬೇಡಿ, ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆ. ಬೇರೆ ಬೇರೆ ಜಾತಿಯದ್ದು ಬೆರೆತರೆ ಲೋಳೆಯ ಹಾಗೆ ಗಟ್ಟಿಯಾಗುವುದೂ ಉಂಟು.

ಇನ್ನೊಂದು, ಹಳೇ ಕೂಲೆಂಟ್ ನೆಲಕ್ಕೆ ಸುರಿಯಲು ಬಿಡಬೇಡಿ. ಅದು ಸಿಹಿ ಇರುತ್ತದೆ, ಬೀದಿ ನಾಯಿ, ಬೆಕ್ಕು ನೆಕ್ಕುತ್ತವೆ, ಕಿಡ್ನಿ ಹಾಳಾಗಿ ಸಾಯುತ್ತವೆ.

ಘಟ್ಟದ ಕೆಳಗಿನವಳು:

ಇಷ್ಟೆಲ್ಲ ಬರೆದಿದ್ದಕ್ಕೆ ತುಂಬಾ ಧನ್ಯವಾದ. ಟ್ರಾಫಿಕ್‌ನಲ್ಲಿ ನಿಂತಾಗ ಹೀಟ್ ಆಗುವುದಿಲ್ಲ, ಫ್ಯಾನ್ ತಿರುಗುವ ಸದ್ದು ಕೇಳುತ್ತದೆ. ಆಯಿಲ್ ಬಣ್ಣ ಸರಿಯಾಗಿದೆ, ಬಿಳಿ ಹೊಗೆ ಇಲ್ಲ, ಕಾರ್ಪೆಟ್ ಒಣಗಿದೆ. ಗುಳ್ಳೆ ಶುರುವಿನಲ್ಲಿ ಒಂದೆರಡು ಬಂದವು, ಆಮೇಲೆ ಇಲ್ಲ. ಕೂಲೆಂಟೇ ಹಾಕಿಸುತ್ತಿದ್ದೇನೆ, ಬಾವಿ ನೀರು ಹಾಕಿಲ್ಲ. ಪ್ರೆಶರ್ ಟೆಸ್ಟ್ ಮಾಡುವವರು ಮಂಗಳೂರಿನಲ್ಲಿ ಇದ್ದಾರಂತೆ, ಶನಿವಾರ ಹೋಗುತ್ತೇನೆ.

ಮಲ್ನಾಡ್ ರಸ್ತೆ:

ಒಳ್ಳೆಯದು ಮೇಡಂ. ಮಾರುವ ವಿಷಯಕ್ಕೆ ಒಂದು ಮಾತು. 2014ರ ಪೆಟ್ರೋಲ್ ಕಾರಿಗೆ ಹದಿನೈದು ವರ್ಷದ ನೋಂದಣಿ 2029ರವರೆಗೆ ಇದೆ, ಅಲ್ಲಿಯವರೆಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಚಿಂತೆ ಇಲ್ಲ. ಹೀಟ್ ಆಗುವ ಕಾರನ್ನು ಹಾಗೇ ಮಾರಿದರೆ ಕೊಳ್ಳುವವನು ಮೊದಲು ಅದನ್ನೇ ಹಿಡಿದು ಬೆಲೆ ಇಳಿಸುತ್ತಾನೆ. ಹೇಳದೆ ಮಾರಿದರೆ ಇನ್ಯಾರದೋ ಮನೆಯವರು ಘಾಟಿಯಲ್ಲಿ ಸಿಕ್ಕಿಬೀಳುತ್ತಾರೆ. ಏನು ತೊಂದರೆ ಅಂತ ತಿಳಿದುಕೊಂಡ ಮೇಲೆ ತೀರ್ಮಾನ ಮಾಡಿ.

ಬೆಂಗಳೂರು ದಕ್ಷಿಣ:

ಥರ್ಮೋಸ್ಟಾಟ್ ಬಗ್ಗೆ ಪಾನಾ ಸರ್ ಹೇಳಿದ್ದು ಸರಿ ಅನಿಸುತ್ತದೆ, ನಮ್ಮ ಕಾರಿನ ಮೈಲೇಜ್ ಬಿದ್ದಿದ್ದು ಅದಕ್ಕೇ ಇರಬೇಕು. ಒಂದು ಕೆಲಸಕ್ಕೆ ಬರುವ ವಿಷಯ ಹೇಳುತ್ತೇನೆ. ಎಷ್ಟೋ ಸಣ್ಣ ಕಾರುಗಳಲ್ಲಿ ಈಗ ಟೆಂಪರೇಚರ್ ಮುಳ್ಳೇ ಇಲ್ಲ, ಬರೀ ಒಂದು ದೀಪ. ದೀಪ ಕೆಂಪಾಗುವಷ್ಟರಲ್ಲಿ ತಡವಾಗಿರುತ್ತದೆ. ಸ್ಟೇರಿಂಗ್ ಕೆಳಗಿರುವ ಒಬಿಡಿ ಸಾಕೆಟ್‌ಗೆ (ಕಾರಿನ ಕಂಪ್ಯೂಟರ್‌ನಿಂದ ಮಾಹಿತಿ ಓದುವ ಜಾಗ) ಬ್ಲೂಟೂತ್ ಡಾಂಗಲ್ ಚುಚ್ಚಿದರೆ ಫೋನಿನಲ್ಲಿ ಕೂಲೆಂಟ್ ಎಷ್ಟು ಡಿಗ್ರಿ ಅಂತ ಅಂಕಿಯೇ ಕಾಣುತ್ತದೆ. ಮುಳ್ಳು ಇರುವವರಿಗೂ ಉಪಯೋಗ, ಯಾಕೆಂದರೆ ತುಂಬಾ ಕಾರುಗಳಲ್ಲಿ 80ರಿಂದ 100ರವರೆಗೂ ಮುಳ್ಳು ಮಧ್ಯದಲ್ಲೇ ನಿಂತಿರುತ್ತದೆ.

ಪಾನಾ ಸ್ಕ್ರೂಡ್ರೈವರ್:

ಇದು ಒಳ್ಳೆಯ ಸಲಹೆ. ಆದರೆ ಕೂಲೆಂಟ್ ಪೂರ್ತಿ ಖಾಲಿಯಾದರೆ ಸೆನ್ಸರ್ ಗಾಳಿಯಲ್ಲಿ ನಿಂತು ಕಡಿಮೆ ಅಂಕಿ ತೋರಿಸಲೂಬಹುದು. ಹತ್ತುತ್ತಾ ಇರುವಾಗ ಅಂಕಿ ದಿಢೀರ್ ಇಳಿದರೆ ಸಮಾಧಾನ ಪಡಬೇಡಿ, ನಿಲ್ಲಿಸಿ.

ಘಟ್ಟದ ಕೆಳಗಿನವಳು:

ಮಂಗಳೂರಿಗೆ ಹೋಗಿ ಬಂದೆ! ನೀಲಿ ದ್ರವ ನೀಲಿಯಾಗಿಯೇ ಉಳಿಯಿತು. ಗ್ಯಾಸ್ಕೆಟ್‌ಗೆ ಏನೂ ಆಗಿಲ್ಲ.

ಪ್ರೆಶರ್ ಕೊಟ್ಟಾಗ ಮೊದಲ ಐದು ನಿಮಿಷ ಗೇಜ್ ಅಲ್ಲಾಡಲಿಲ್ಲ. ಇಂಜಿನ್ ಸ್ವಲ್ಪ ಬಿಸಿ ಮಾಡಿ ಮತ್ತೆ ಕೊಟ್ಟ ಮೇಲೆ ಮುಳ್ಳು ನಿಧಾನಕ್ಕೆ ಇಳಿಯಲು ಶುರುವಾಯಿತು. ಅವರು ಮುಂದಿನ ಬಂಪರ್ ಬಿಚ್ಚಿ ಟಾರ್ಚ್ ಹಾಕಿ ನನ್ನನ್ನೇ ಕರೆದು ತೋರಿಸಿದರು. ರೇಡಿಯೇಟರ್‌ನ ಮಧ್ಯದ ಜಾಲರಿ ಅಲ್ಯುಮಿನಿಯಂ, ಎರಡು ಬದಿಯ ಟ್ಯಾಂಕ್ ಕಪ್ಪು ಪ್ಲಾಸ್ಟಿಕ್, ಅಲ್ಯುಮಿನಿಯಂ ಅಂಚನ್ನು ಹಲ್ಲು ಹಲ್ಲಾಗಿ ಮಡಚಿ ಪ್ಲಾಸ್ಟಿಕ್ ಮೇಲೆ ಕೂರಿಸಿರುತ್ತಾರೆ. ಎಡಗಡೆ ಕೆಳಗಿನ ಮೂಲೆಯಲ್ಲಿ ಆ ಹಲ್ಲುಗಳ ಸಂದಿಯಲ್ಲಿ ಒಣಗಿದ ಹಸಿರು ಪುಡಿ, ಉಪ್ಪು ಕಟ್ಟಿದ ಹಾಗೆ. ಅದರ ಮಧ್ಯದಿಂದ ಒಂದು ಸಣ್ಣ ಹನಿ ಉಬ್ಬಿ ಬರುತ್ತಿತ್ತು. ಬಿಸಿಯಾದಾಗ ಮಾತ್ರ ಸೋರಿ, ಬಿಸಿ ಜಾಲರಿಯ ಮೇಲೇ ಆವಿಯಾಗಿ ಹೋಗುತ್ತಿತ್ತಂತೆ. ಅದಕ್ಕೇ ನೆಲದಲ್ಲಿ ಹನಿ ಕಾಣದೆ ಇದ್ದಿದ್ದು. ಕ್ಯಾಪ್ ಕೂಡ ಅರ್ಧ ಒತ್ತಡಕ್ಕೇ ಬಿಟ್ಟುಬಿಡುತ್ತಿತ್ತು.

ರೇಡಿಯೇಟರ್, ಕ್ಯಾಪ್, ಹೊಸ ಕೂಲೆಂಟ್, ಮಜೂರಿ ಎಲ್ಲ ಸೇರಿ ಆರೂವರೆ ಸಾವಿರದೊಳಗೆ ಆಯಿತು. ಹಳೇ ರೇಡಿಯೇಟರ್ ನನ್ನ ಕೈಗೇ ಕೊಟ್ಟರು. ನಿನ್ನೆ ಹಾಸನಕ್ಕೆ ಬಂದೆ, ಎಸಿ ಹಾಕಿಕೊಂಡೇ ಲಾರಿಗಳ ಹಿಂದೆ ಹತ್ತಿದೆ, ಮುಳ್ಳು ಕದಲಲಿಲ್ಲ. ಎಷ್ಟು ಖುಷಿಯಾಗಿದೆ ಅಂತ ಹೇಳಲು ಆಗುತ್ತಿಲ್ಲ. ನೀವೆಲ್ಲ ಹೇಳದಿದ್ದರೆ ಇಂಜಿನ್ ಬಿಚ್ಚಿಸಿಬಿಡುತ್ತಿದ್ದೆ.

ಒಂದು ಅನುಮಾನ ಉಳಿದಿದೆ. ಡಬ್ಬಿಯಲ್ಲಿ ಮ್ಯಾಕ್ಸ್ ಗೆರೆಗೆ ತುಂಬಿಸಿದ್ದರು, ಇವತ್ತು ಬೆಳಿಗ್ಗೆ ಸ್ವಲ್ಪ ಕೆಳಗಿದೆ. ಮತ್ತೆ ಸೋರುತ್ತಿದೆಯಾ?

ಪಾನಾ ಸ್ಕ್ರೂಡ್ರೈವರ್:

ಓದಿ ತುಂಬಾ ಸಂತೋಷ ಆಯಿತು ಮೇಡಂ. ಹೆದರಬೇಡಿ, ಹೊಸದಾಗಿ ತುಂಬಿಸಿದಾಗ ಒಳಗೆ ಅಲ್ಲಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ, ಘಾಟಿ ಹತ್ತಿ ಬಿಸಿಯಾಗಿ ತಣ್ಣಗಾದ ಮೇಲೆ ಆ ಗಾಳಿ ಹೊರಗೆ ಹೋಗಿ ಮಟ್ಟ ಸ್ವಲ್ಪ ಇಳಿಯುತ್ತದೆ. ಅದೇ ಕೂಲೆಂಟ್‌ನಿಂದ ಗೆರೆಗೆ ತುಂಬಿಸಿ. ಒಂದು ವಾರ ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ನೋಡಿ. ಅಲ್ಲಿಗೇ ನಿಂತರೆ ಸರಿ, ಮತ್ತೂ ಇಳಿಯುತ್ತಾ ಹೋದರೆ ವಾಟರ್ ಪಂಪ್‌ನ ಕೆಳಗಿರುವ ಸಣ್ಣ ತೂತಿನ ಹತ್ತಿರ ಒದ್ದೆ ಇದೆಯಾ ಅಂತ ನೋಡಿಸಿ. ಮತ್ತೆ ರೇಡಿಯೇಟರ್‌ನ ಎರಡು ಹೋಸ್ ಪೈಪ್ ಬದಲಾಯಿಸಿದ್ದಾರಾ? ಪಟ್ಟಿಯಲ್ಲಿ ನೀವು ಬರೆದಿಲ್ಲ. ಹಳೇ ಪೈಪಿಗೆ ಈಗ ಹೊಸ ಕ್ಯಾಪ್‌ನಿಂದ ಪೂರ್ತಿ ಒತ್ತಡ ಬೀಳುತ್ತದೆ. ಹಿಚುಕಿದಾಗ ಕಟಕಟ ಅಂದರೆ, ಕ್ಲಿಪ್ ಹತ್ತಿರ ಊದಿಕೊಂಡಿದ್ದರೆ, ಪುತ್ತೂರಿಗೆ ವಾಪಸ್ ಹೊರಡುವ ಮೊದಲು ಹಾಸನದಲ್ಲೇ ಹಾಕಿಸಿಬಿಡಿ.