ಬ್ಲಾಕ್ ಇಲ್ಲದೆ ಹಾರ್ಟ್ ದೊಡ್ಡದಾಗುವ ಕಾಯಿಲೆ: ರಷ್ಯಾದಲ್ಲಿ ಜಾಸ್ತಿ, ನಮ್ಮಲ್ಲಿ ಕಡಿಮೆ ಅನ್ನೋದು ನಿಜಾನಾ?

ಸೇಡಂ ರೋಡ್:
ನಮ್ಮ ಕಾಕಾಗೆ ಡೈಲೇಟೆಡ್ ಕಾರ್ಡಿಯೋಮಯೋಪತಿ, ಅಂದರೆ ಹಾರ್ಟಿನ ಸ್ನಾಯು ಸಡಿಲವಾಗಿ ಹಿಗ್ಗೋ ಕಾಯಿಲೆ, ಅಂತ ಹೇಳಿದ್ದಾರೆ. ವಯಸ್ಸು 46. ಎಂಜಿಯೋದಲ್ಲಿ ಬ್ಲಾಕ್ ಒಂದೂ ಇಲ್ಲ, ಆದರೆ ಎಕೋ ರಿಪೋರ್ಟಿನಲ್ಲಿ ಇಎಫ್ (ಹಾರ್ಟ್ ಒಂದು ಬಡಿತಕ್ಕೆ ಶೇಕಡಾ ಎಷ್ಟು ರಕ್ತ ಹೊರತಳ್ಳುತ್ತದೆ ಅನ್ನೋ ಲೆಕ್ಕ) 25 ಅಂತಿದೆ. ಬ್ಲಾಕ್ ಇಲ್ಲ ಅಂದಮೇಲೆ ಹಾರ್ಟ್ ಹೇಗೆ ಕೆಟ್ಟಿತು ಅಂತ ಮನೆಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ. ಹುಡುಕುತ್ತಾ ಕೂತಾಗ ಯಾವ ದೇಶದಲ್ಲಿ ಯಾವ ಕಾಯಿಲೆಯಿಂದ ಎಷ್ಟು ಸಾವು ಅಂತ ಹೇಳೋ 'ಗ್ಲೋಬಲ್ ಬರ್ಡನ್ ಆಫ್ ಡಿಸೀಸ್' ಅನ್ನೋ ಲೆಕ್ಕದ ನಕ್ಷೆ ಸಿಕ್ಕಿತು. ಈ ಕಾಯಿಲೆಯ ಸಾವು ಜಾಸ್ತಿ ಇದ್ದಷ್ಟೂ ಬಣ್ಣ ಕಡು. ರಷ್ಯಾ ಕಡೆಗೆಲ್ಲ ಕಡುಬಣ್ಣ, ನಮ್ಮ ದೇಶ ತಿಳಿಬಣ್ಣ. 1990ರಿಂದ ಈಚೆಗೆ ಸಾವಿನ ದರ ಇಳಿದಿದೆ ಅಂತ ಒಂದು ಕಡೆ, ಸತ್ತವರ ಸಂಖ್ಯೆ ಏರಿದೆ ಅಂತ ಇನ್ನೊಂದು ಕಡೆ. ಯಾವುದನ್ನು ನಂಬಬೇಕು? ನಮ್ಮಲ್ಲಿ ನಿಜಕ್ಕೂ ಕಡಿಮೆಯಾ?

ಲೆಕ್ಕದ ಮಾಸ್ತರ, ಕಲಬುರಗಿ:
ಎರಡೂ ನಿಜ. ಜನ ಜಾಸ್ತಿಯಾದರು, ವಯಸ್ಸಾದವರೂ ಜಾಸ್ತಿಯಾದರು, ಹಾಗಾಗಿ ತಲೆ ಎಣಿಸಿದರೆ ಸಾವು ಹೆಚ್ಚು. ವಯಸ್ಸಿನ ವ್ಯತ್ಯಾಸ ತೆಗೆದು, ಲಕ್ಷಕ್ಕೆ ಎಷ್ಟು ಅಂತ ನೋಡಿದರೆ ಕಡಿಮೆ. ದೇಶದೇಶಗಳನ್ನು ಹೋಲಿಸುವಾಗ ಈ ಎರಡನೆಯದನ್ನೇ ನೋಡಬೇಕು.

ರಷ್ಯಾದ ಕಡುಬಣ್ಣಕ್ಕೆ ದೊಡ್ಡ ಕಾರಣ ಕುಡಿತ. ವರ್ಷಗಟ್ಟಲೆ ವಿಪರೀತ ಕುಡಿದರೆ ಹಾರ್ಟಿನ ಸ್ನಾಯು ಸಡಿಲವಾಗಿ ಹಿಗ್ಗುತ್ತದೆ, ರಕ್ತ ತಳ್ಳುವ ಶಕ್ತಿ ಹೋಗುತ್ತದೆ. 1985ರಲ್ಲಿ ಸೋವಿಯತ್ ನಾಯಕ ಗೋರ್ಬಚೇವ್ ಕುಡಿತಕ್ಕೆ ಕಡಿವಾಣ ಹಾಕಿದಾಗ ಅಲ್ಲಿ ಸಾವು ಇಳಿದಿತ್ತು. ಸೋವಿಯತ್ ಒಡೆದ ಮೇಲೆ ಮತ್ತೆ ಏರಿ, 1994ರ ಹೊತ್ತಿಗೆ ಗಂಡಸರ ಸರಾಸರಿ ಆಯಸ್ಸು 58ರ ಕೆಳಗೆ ಹೋಯಿತು. ಆಮೇಲೆ ತೆರಿಗೆ, ಮಾರಾಟದ ಹೊತ್ತು, ಜಾಹೀರಾತು ಎಲ್ಲವನ್ನೂ ಬಿಗಿ ಮಾಡಿದರು. 2003ರಿಂದ 2016ರೊಳಗೆ ತಲಾ ಕುಡಿತ ಸುಮಾರು 43% ಇಳಿಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ನಮ್ಮ ಕರ್ನಾಟಕದಲ್ಲಿ 2007ರಲ್ಲಿ ಸರಾಯಿ ಬಂದ್ ಆಯಿತು, ಜನ ಸೀದಾ ಚೀಪ್ ವಿಸ್ಕಿ ಪೌಚಿಗೆ ಹೋದರು, ಅದು ಬೇರೆ ಕಥೆ.

ಇನ್ನು ನಮ್ಮ ತಿಳಿಬಣ್ಣ. ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ಹಳ್ಳಿಯಲ್ಲಿ ಯಾರಾದರೂ ತೀರಿಕೊಂಡರೆ 'ಹಾರ್ಟ್ ಫೇಲ್ ಆಯ್ತು' ಅಂತಾರೆ, ಅಲ್ಲಿಗೆ ಮುಗೀತು. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ಡಾಕ್ಟರ್ ಕಾರಣ ಬರೆದುಕೊಟ್ಟಿದ್ದು 22.5% ಮಾತ್ರ. ಬರೆದ ಚೀಟಿಯಲ್ಲೂ ಎಷ್ಟೋ ಕಡೆ 'ಕಾರ್ಡಿಯಾಕ್ ಅರೆಸ್ಟ್' (ಹಾರ್ಟ್ ನಿಂತಿತು) ಅಷ್ಟೇ ಇರುತ್ತದೆ. ಸತ್ತವರೆಲ್ಲರ ಹಾರ್ಟೂ ನಿಲ್ಲಲೇಬೇಕಲ್ಲ! ಇಂಥ ಕಡೆ ನಕ್ಷೆಯ ಸಂಖ್ಯೆ ಬಹುಪಾಲು ಅಂದಾಜು. ಎಕೋನೇ ಮಾಡಿಸದವರು ಯಾವ ಲೆಕ್ಕಕ್ಕೆ ಬರುತ್ತಾರೆ ಹೇಳಿ?

ಯಾದಗಿರಿ ಸಿಸ್ಟರ್:
ಮಾಸ್ತರ್ ಹೇಳಿದ್ದು ಸರಿ. ನಾನು ಇನ್ನೊಂದು ಹೇಳ್ತೀನಿ, ಈ ಚರ್ಚೆಯಲ್ಲಿ ಹೆಣ್ಣುಮಕ್ಕಳ ಮಾತೇ ಬರೋದಿಲ್ಲ.

ಹೆರಿಗೆಗೆ ಒಂದು ತಿಂಗಳು ಮೊದಲಿನಿಂದ ಹೆರಿಗೆ ಆಗಿ ಐದು ತಿಂಗಳವರೆಗೆ ಬರುವ ಒಂದು ಬಗೆ ಇದೆ, ಪೆರಿಪಾರ್ಟಮ್ ಕಾರ್ಡಿಯೋಮಯೋಪತಿ. ಉತ್ತರ ನೈಜೀರಿಯಾ ಮತ್ತು ಹೈಟಿಯಲ್ಲಿ ಬಹಳ. ಹೈಟಿಯಲ್ಲಿ ಸುಮಾರು 300 ಹೆರಿಗೆಗೆ ಒಂದು ಅಂತ ಲೆಕ್ಕ, ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ಹೆರಿಗೆಗೆ ಒಂದು. ನೈಜೀರಿಯಾದ ಹೌಸಾ ಜನ ಬಾಣಂತಿಯನ್ನು ಬಿಸಿ ಮಂಚದ ಮೇಲೆ ಮಲಗಿಸಿ, ಬಿಸಿನೀರು ಹಾಕಿ, ಕೆರೆ ಉಪ್ಪು ಹಾಕಿದ ಅಂಬಲಿ ಕುಡಿಸುತ್ತಿದ್ದರು. ಓದಿದಾಗ ನನಗೆ ನಮ್ಮ ಬಾಣಂತನವೇ ಕಣ್ಣಮುಂದೆ ಬಂತು, ಹೊರಸಿನ ಕೆಳಗೆ ಕೆಂಡ ಇಟ್ಟು ಕಾಸುತ್ತಾರಲ್ಲ, ಹಂಗೇ. ಮೊದಮೊದಲು ಡಾಕ್ಟರುಗಳು ಆ ಉಪ್ಪು ಮತ್ತು ಶಾಖವೇ ಕಾರಣ ಅಂತ ಬರೆದರು, ಆಮೇಲೆ ಅದೊಂದರಿಂದಲೇ ಅಲ್ಲ ಅಂತ ಗೊತ್ತಾಯಿತು.

ಇಲ್ಲಿ ಆಗೋದು ಏನಂದ್ರೆ, ಬಾಣಂತಿಗೆ ಕಾಲು ಬಾತಿರುತ್ತದೆ, ರಾತ್ರಿ ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ, ಎರಡು ದಿಂಬು ಇಟ್ಟುಕೊಂಡು ಕೂತೇ ನಿದ್ದೆ ಮಾಡುತ್ತಾಳೆ. ಮನೆಯವರು 'ಥಂಡಿ ಹತ್ತಿದೆ, ಇನ್ನಷ್ಟು ಕಾಸಿ' ಅಂತಾರೆ. ಮಲಗಿದರೆ ಉಸಿರು ಸಿಕ್ಕದ ಬಾಣಂತಿಯನ್ನು ಅವತ್ತೇ ಆಸ್ಪತ್ರೆಗೆ ಕರೆತನ್ನಿ, ಕಾಯಬೇಡಿ.

ಹುಮನಾಬಾದಿ:
ಒಂದೇ ಹೆಸರಿನ ಕಾಯಿಲೆಗೆ ಊರೂರಿಗೂ ಬೇರೆ ಕಾರಣ, ಅದೇ ಸ್ವಾರಸ್ಯ. ಬ್ರೆಜಿಲ್, ಬೊಲಿವಿಯಾ ಕಡೆ ಮಣ್ಣಿನ ಮನೆ ಗೋಡೆಯ ಸಂದಿಯಲ್ಲಿರುವ ತಿಗಣೆ ಜಾತಿಯ ಹುಳದಿಂದ ಚಾಗಸ್ ಕಾಯಿಲೆ ಬರುತ್ತದೆ. 1909ರಲ್ಲಿ ಕಾರ್ಲೋಸ್ ಚಾಗಸ್ ಕಂಡುಹಿಡಿದದ್ದು. ಹುಳ ಕಚ್ಚಿದ್ದು ಮರೆತೇ ಹೋಗಿರುತ್ತದೆ, ಹತ್ತಿಪ್ಪತ್ತು ವರ್ಷದ ಮೇಲೆ ಹಾರ್ಟ್ ಕೈಕೊಡುತ್ತದೆ. ಚೀನಾದಲ್ಲಿ ಕೆಶಾನ್ ಅನ್ನೋ ಕಡೆ ಮಣ್ಣಿನಲ್ಲಿ ಸೆಲೆನಿಯಂ ಅನ್ನೋ ಖನಿಜದ ಕೊರತೆ, ಅದರಿಂದ ಮಕ್ಕಳು, ಹೆಂಗಸರು ಸಾಯುತ್ತಿದ್ದರು. ಸೆಲೆನಿಯಂ ಕೊಡಲು ಶುರು ಮಾಡಿದ ಮೇಲೆ ತುಂಬಾ ಕಡಿಮೆಯಾಯಿತು. ಸುಮ್ನೆ ಒಂದು ಬಣ್ಣ ಬಳಿದ ನಕ್ಷೆಯಲ್ಲಿ ಇದ್ಯಾವುದೂ ಕಾಣೋದಿಲ್ಲ.

ನಮ್ಮದೇ ಕಾರಣ ಬೇಕಾದರೆ ವಂಶದ ಕಡೆ ನೋಡಿ. 2009ರಲ್ಲಿ ಹೈದರಾಬಾದಿನ ಜೀವಕೋಶ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ವಿಜ್ಞಾನಿಗಳೂ ಸೇರಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಾರ್ಟಿನ ಸ್ನಾಯುವಿಗೆ ಸಂಬಂಧಿಸಿದ ಎಂವೈಬಿಪಿಸಿ3 ಅನ್ನೋ ಜೀನಿನಲ್ಲಿ ಡಿಎನ್‌ಎಯ 25 ಅಕ್ಷರ ಬಿಟ್ಟುಹೋಗಿರುವುದು ನಮ್ಮ ಉಪಖಂಡದ ಸುಮಾರು 4% ಜನರಲ್ಲಿದೆ. ಇದ್ದವರಿಗೆಲ್ಲ ಕಾಯಿಲೆ ಬರೋದಿಲ್ಲ, ಬಂದರೂ ಹೆಚ್ಚಾಗಿ ನಡುವಯಸ್ಸು ದಾಟಿದ ಮೇಲೆ. ಕಾಕಾ ಕುಡಿತಾ ಇದ್ದರಾ? ಮನೆತನದಲ್ಲಿ ಚಿಕ್ಕ ವಯಸ್ಸಿಗೇ ದಿಢೀರ್ ಹೋದವರು ಇದ್ದಾರಾ?

ಸೇಡಂ ರೋಡ್:
ಕುಡಿತ ಇತ್ತು, ದಿನಾ ಅಲ್ಲದಿದ್ದರೂ ಇತ್ತು. ಆದರೆ ಅಜ್ಜನ ತಮ್ಮ 40ರೊಳಗೆ ಹೊಲದಲ್ಲಿ ತೊಗರಿ ರಾಶಿ ಮಾಡುವಾಗ ಬಿದ್ದು ಹೋದರು. ಮನೆಯಲ್ಲಿ ಎಲ್ಲರೂ ಬಿಸಿಲು ಅಂತಿದ್ದರು. ರಾಶಿ ಮಾಡೋದು ಜನವರಿಯಲ್ಲಿ, ಎಲ್ಲಿ ಬಿಸಿಲು?

ಯಾದಗಿರಿ ಸಿಸ್ಟರ್:
ಹಾಗಾದರೆ ಡಾಕ್ಟರಿಗೆ ಅದನ್ನು ಬಾಯಿಬಿಟ್ಟು ಹೇಳಿ, ಅವರಾಗಿ ಕೇಳದಿದ್ದರೂ ಹೇಳಿ. ನಿಮ್ಮ ಅಪ್ಪ, ಅತ್ತೆಯಂದಿರು, ಕಾಕಾನ ಮಕ್ಕಳು ಎಲ್ಲರಿಗೂ ಒಂದು ಇಸಿಜಿ, ಒಂದು ಎಕೋ ಮಾಡಿಸಿ. ಜಯದೇವ ಈಗ ಕಲಬುರಗಿಯಲ್ಲೇ ಇದೆ, ಬೆಂಗಳೂರು ಬಸ್ಸು ಹಿಡಿಯಬೇಕಿಲ್ಲ. ಕಾಕಾ ಕುಡಿಯೋದು ಪೂರ್ತಿ ಬಿಟ್ಟರೆ ಇಎಫ್ ಮೇಲೇರುವ ಸಾಧ್ಯತೆ ಇದೆ. ಡಪಾಗ್ಲಿಫ್ಲೋಜಿನ್ ಬರೆದುಕೊಟ್ಟರೆ 'ಇದು ಶುಗರ್ ಮಾತ್ರೆ, ನಮಗೆ ಶುಗರ್ ಇಲ್ಲ' ಅಂತ ನಿಲ್ಲಿಸಬೇಡಿ, ಹಾರ್ಟಿಗೂ ಅದೇ ಕೊಡ್ತಾರೆ. ಉಪ್ಪು ಕಡಿಮೆ ಮಾಡಬೇಕು, ಶೇಂಗಾ ಹಿಂಡಿ, ಉಪ್ಪಿನಕಾಯಿ ಕೈಗೆ ಸಿಗದಂತೆ ಇಡಿ.

ಸೇಡಂ ರೋಡ್:
ಡಪಾಗ್ಲಿಫ್ಲೋಜಿನ್ ಬರೆದಿದ್ದಾರೆ ಅಕ್ಕಾ. ಕಾಕಾ ಅದನ್ನೇ ಬಿಟ್ಟಿದ್ದರು, ಇವತ್ತು ರಾತ್ರಿ ಕೊಡ್ತೀವಾ ಅಥವಾ ಡಾಕ್ಟರನ್ನು ಕೇಳಿ ಕೊಡಬೇಕಾ?

ಯಾದಗಿರಿ ಸಿಸ್ಟರ್:
ನಡುವೆ ಬಿಟ್ಟಿದ್ದನ್ನು ಹೇಳಿ, ಕೇಳಿಯೇ ಕೊಡಿ. ಫೋನ್ ಮಾಡಿದರೂ ಸಾಕು.